ಕ್ರಾಕೋವ್ ಅಥವಾ ಬ್ರನೋ? ಅಮ್ಮ, ಅಣ್ಣನ ಜೊತೆ ಮೂರು ರಾತ್ರಿಗೆ ಯಾವುದು ಸರಿ?

ಶಿರಸಿ_ವಿಯೆನ್ನಾ

ಎಲ್ಲರಿಗೂ ನಮಸ್ಕಾರ. ನಾನು ವಿಯೆನ್ನಾದಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಮೇ ತಿಂಗಳಲ್ಲಿ ಊರಿಂದ ಅಮ್ಮ, ಅಣ್ಣ ಬರುತ್ತಿದ್ದಾರೆ. ವಿಯೆನ್ನಾದಲ್ಲಿ ಇರುವ ದಿನಗಳ ನಡುವೆ ಮೂರು ರಾತ್ರಿ ಬೇರೆ ಊರಿಗೆ ಹೋಗಿ ಬರೋಣ ಅಂತ ಯೋಚನೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ನಮ್ಮ ಕೈಗೆ ಎಟುಕುವುದಿಲ್ಲ. ಕೊನೆಗೆ ಉಳಿದದ್ದು ಪೋಲೆಂಡಿನ ಕ್ರಾಕೋವ್ ಮತ್ತು ಜೆಕ್ ದೇಶದ ಬ್ರನೋ. ಎರಡೂ ವಿದ್ಯಾರ್ಥಿಗಳ ಊರು, ಎರಡೂ ಸೋವಿ ಅಂತ ಕ್ಲಾಸಿನವರು ಹೇಳುತ್ತಾರೆ.

ಅಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಆಗಿದ್ದು ನಿವೃತ್ತರಾದವರು. ಮಂಡಿ ನೋವಿದೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಣ್ಣ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಇತಿಹಾಸ ಬೇಕು, ಸಂಜೆ ಓಡಾಡಲು ಜನ ಇರುವ ಬೀದಿ ಬೇಕು. ರೂಮು, ರೈಲು, ಊಟ, ಟಿಕೆಟ್ ಎಲ್ಲ ಸೇರಿ ಮೂವರಿಗೂ 600 ಯೂರೋ ದಾಟಬಾರದು. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಚಿಲ್ಲರೆ_ಲೆಕ್ಕ

ರೂಮು ಬಾಡಿಗೆ, ಊಟದ ರೇಟು ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಎರಡೂ ಊರಿಗೆ ದೊಡ್ಡ ಫರಕಿಲ್ಲ. ಫರಕು ಇರುವುದು ದಾರಿಯಲ್ಲಿ. ವಿಯೆನ್ನಾದಿಂದ ಬ್ರನೋಗೆ ರೈಲಿನಲ್ಲಿ ಒಂದೂವರೆ ಗಂಟೆ. ಮುಂಚೆ ಬುಕ್ ಮಾಡಿದರೆ ಒಬ್ಬರಿಗೆ ಹತ್ತು-ಹದಿನೈದು ಯೂರೋಗೂ ಸಿಗುತ್ತದೆ. ಕ್ರಾಕೋವ್‌ಗೆ ನೇರ ರೈಲಿದ್ದರೂ ಸುಮಾರು ಆರು ಗಂಟೆ ಬೇಕು, ಟಿಕೆಟ್ಟೂ ಅದಕ್ಕೆ ತಕ್ಕ ಹಾಗೆ. ಮೂವರು ಹೋಗಿ ಬರುವುದು ಅಂದರೆ ಆರು ಟಿಕೆಟ್. ಅಲ್ಲೇ ನಿಮ್ಮ 600ರಲ್ಲಿ ದೊಡ್ಡ ತುಂಡು ಹೋಗುತ್ತದೆ. ಹೋಗುವ ದಿನ, ಬರುವ ದಿನ ಎರಡೂ ಅರ್ಧರ್ಧ ರೈಲಿನಲ್ಲೇ ಕಳೆಯುತ್ತದೆ.

ಇನ್ನೊಂದು ವಿಷಯ. ಎರಡೂ ಕಡೆ ಯೂರೋ ಇಲ್ಲ. ಪೋಲೆಂಡಿನಲ್ಲಿ ಜ್ಲೋಟಿ, ಒಂದು ಯೂರೋಗೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಜೆಕ್‌ನಲ್ಲಿ ಕೊರುನಾ, ಒಂದು ಯೂರೋಗೆ ಹತ್ತಿರಹತ್ತಿರ 25. ಎಟಿಎಂ "ನಿಮ್ಮ ಕರೆನ್ಸಿಯಲ್ಲಿ ಕಳೆಯಲೇ?" ಅಂತ ಕೇಳಿದರೆ ಬೇಡ ಅನ್ನಿ. ಅಲ್ಲಿನ ದುಡ್ಡಲ್ಲೇ ಕಳೆಯಲಿ. ಹೂಂ ಅಂದರೆ ಯಂತ್ರ ಹೇಳಿದ್ದೇ ರೇಟು.

ವಾವೆಲ್_ನೆರೆಮನೆ

ನಾನು ಕ್ರಾಕೋವ್‌ನಲ್ಲಿ ಐಟಿ ಕೆಲಸದಲ್ಲಿದ್ದೇನೆ, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಆದರೂ ಕೇಳುತ್ತೇನೆ, ಆರು ಗಂಟೆ ಯಾವ ಲೆಕ್ಕ? ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕೂರುವುದಿಲ್ಲವೇ?

ಎರಡನೇ ಮಹಾಯುದ್ಧದಲ್ಲಿ ವಾರ್ಸಾ ನೆಲಸಮ ಆಯಿತು, ಕ್ರಾಕೋವ್ ಉಳಿಯಿತು. ಹಳೇ ಊರು ಪೂರ್ತಿ ಹಳೆಯದೇ. 1978ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿ ಮಾಡಿದಾಗಲೇ ಈ ಊರು ಅದರಲ್ಲಿತ್ತು. ನಡುವಿನ ಚೌಕ ಒಂದೊಂದು ಬದಿಗೆ ಸುಮಾರು 200 ಮೀಟರ್. ಅಲ್ಲಿರುವ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ತುತ್ತೂರಿ ಊದುತ್ತಾರೆ, ನಾಲ್ಕೂ ದಿಕ್ಕಿಗೆ, ಹಗಲೂ ರಾತ್ರಿ. ಊದುವವರು ಅಗ್ನಿಶಾಮಕ ದಳದವರು. ರಾಗ ನಡುವೆಯೇ ತಟ್ಟನೆ ನಿಂತುಬಿಡುತ್ತದೆ. ಹಿಂದೆ ದಾಳಿ ಬಂದಾಗ ಊದುತ್ತಿದ್ದವನ ಗಂಟಲಿಗೆ ಬಾಣ ನಾಟಿತ್ತು, ಅದರ ನೆನಪಿಗೆ ಹೀಗೆ ಅಂತ ಕಥೆ. ಕೆಳಗೆ ನಿಂತು ಕೈ ಬೀಸಿದರೆ ಮೇಲಿನವರೂ ಬೀಸುತ್ತಾರೆ. ಇದಕ್ಕೆಲ್ಲ ಟಿಕೆಟ್ ಇಲ್ಲ.

ಇಲ್ಲಿನ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯ 1364ರದ್ದು. ಕೋಪರ್ನಿಕಸ್ ಇಲ್ಲೇ ಓದಿದವನು. ಅದರ ಹಳೇ ಕಟ್ಟಡದ ಅಂಗಳಕ್ಕೆ ಸುಮ್ನೆ ಹೋಗಿ ಕೂರಬಹುದು. ಬೆಳಿಗ್ಗೆ 11ಕ್ಕೆ ಅಥವಾ ಮಧ್ಯಾಹ್ನ 1ಕ್ಕೆ ಹೋದರೆ ಗಡಿಯಾರದಿಂದ ಗೊಂಬೆಗಳು ಹೊರಬಂದು ಮೆರವಣಿಗೆ ಹೋಗುತ್ತವೆ. ವಿಜ್ಞಾನ ಟೀಚರ್‌ಗೆ ಇದು ಸಾಲದೇ?

ಕಡಲೆ_ಬಟಾಣಿ

ವಿಜ್ಞಾನ ಟೀಚರ್ ಅಂದಮೇಲೆ ನಾನು ಬಾಯಿ ಮುಚ್ಚಿಕೊಂಡು ಇರುವುದು ಕಷ್ಟ. ಬ್ರನೋದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ.

ಹತ್ತನೇ ಕ್ಲಾಸಿನಲ್ಲಿ ಎತ್ತರದ ಗಿಡ, ಗಿಡ್ಡ ಗಿಡ, 3:1 ಅಂತ ನಿಮ್ಮ ಅಮ್ಮ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿರುತ್ತಾರೆ ಹೇಳಿ. ಆ ಬಟಾಣಿ ಬೆಳೆದದ್ದು ಇಲ್ಲಿ. ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್ ಇದ್ದ ಮಠ ಈಗಲೂ ಮಠವೇ. ಒಂದು ಭಾಗ ಮ್ಯೂಸಿಯಂ ಆಗಿದೆ. 1856ರಿಂದ 1863ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಿಡ ಬೆಳೆಸಿ ಲೆಕ್ಕ ಇಟ್ಟ ಮನುಷ್ಯ. 1865ರಲ್ಲಿ ಇದೇ ಊರಿನ ಸಭೆಯಲ್ಲಿ ಓದಿ ಹೇಳಿದ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವನು ತೀರಿಕೊಂಡದ್ದು 1884ರಲ್ಲಿ. ಜಗತ್ತು ಒಪ್ಪಿದ್ದು 1900ರಲ್ಲಿ. ಅವನ ಗಾಜಿನ ಮನೆಯ ತಳಪಾಯ ತೋಟದಲ್ಲಿ ಈಗಲೂ ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯ ಆದದ್ದು ಜಾಗ ಎಷ್ಟು ಚಿಕ್ಕದು ಅಂತ. ನಮ್ಮ ಕಡೆ ಮನೆ ಹಿಂದಿನ ಹಿತ್ತಿಲು ಇದಕ್ಕಿಂತ ದೊಡ್ಡದಿರುತ್ತದೆ.

ಮುಖ್ಯ ರೈಲು ನಿಲ್ದಾಣದಿಂದ ಟ್ರಾಮ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಮಠದ ಮುಂದೆ ಇಳಿಯಬಹುದು. ಮೆಟ್ಟಿಲ ಕಾಟವೂ ಹೆಚ್ಚಿಲ್ಲ.

ಊರಿನ ಜನ ಸುಮಾರು ನಾಲ್ಕು ಲಕ್ಷ, ಅದರಲ್ಲಿ ವಿದ್ಯಾರ್ಥಿಗಳೇ 60 ಸಾವಿರಕ್ಕೂ ಮಿಕ್ಕಿ. ಹಾಗಾಗಿ ಸಂಜೆ ಬೀದಿ ತುಂಬಿರುತ್ತದೆ, ಅಣ್ಣನಿಗೂ ಬೇಜಾರಾಗುವುದಿಲ್ಲ. ಪ್ರವಾಸಿಗರ ಗುಂಪು ಮಾತ್ರ ಇರುವುದಿಲ್ಲ.

ವಾವೆಲ್_ನೆರೆಮನೆ

ಪ್ರವಾಸಿಗರು ಯಾಕೆ ಇಲ್ಲ ಅಂತಲೂ ಹೇಳಿಬಿಡಿ :)

ಕಡಲೆ_ಬಟಾಣಿ

ಎಲ್ಲರೂ ಪ್ರಾಗ್‌ನಲ್ಲಿ ಇಳಿದು ಅಲ್ಲಿಂದಲೇ ವಾಪಸ್ ಹೋಗುತ್ತಾರೆ, ಅದಕ್ಕೆ. ನಮಗೆ ಒಳ್ಳೆಯದೇ ಆಯಿತು. ಕ್ರಾಕೋವ್ ಹಳೇ ಊರಿನಲ್ಲಿ ವಾರಾಂತ್ಯಕ್ಕೆ ಕುಡಿದು ಕೂಗಾಡಲೆಂದೇ ವಿಮಾನದಲ್ಲಿ ಬರುವವರ ವಿಷಯ ನಾನು ಹೇಳಲೇ, ನೀವೇ ಹೇಳುತ್ತೀರಾ?

ವಾವೆಲ್_ನೆರೆಮನೆ

ಒಪ್ಪಿದೆ. ಅದಕ್ಕೇ 2023ರಿಂದ ಮಧ್ಯರಾತ್ರಿ ಕಳೆದು ಬೆಳಗಿನ ಜಾವದವರೆಗೆ ಅಂಗಡಿಯಲ್ಲಿ ಮದ್ಯ ಮಾರುವುದನ್ನು ನಿಲ್ಲಿಸಿದ್ದಾರೆ. ಹಿಂದಿನಷ್ಟು ಗಲಾಟೆ ಇಲ್ಲ. ರೂಮು ಚೌಕದ ಹತ್ತಿರ ಬೇಡ, ನದಿಯ ಆಚೆ ಪೊದ್ಗೂಜೆ ಕಡೆ ಮಾಡಿ. ಸೋವಿ, ಶಾಂತಿ, ಟ್ರಾಮೂ ಉಂಟು.

ಅಲೆಮಾರಿ_ಮೈಸೂರು

ಎರಡೂ ಬಿಟ್ಟು ಬುಡಾಪೆಸ್ಟ್ ನೋಡಿ.

ಚಿಲ್ಲರೆ_ಲೆಕ್ಕ

ಅವರು ಕೇಳಿದ್ದು ಎರಡರ ಬಗ್ಗೆ. ಇಂಥ ಪ್ರತಿ ಚರ್ಚೆಯಲ್ಲೂ ಒಬ್ಬರು ಬುಡಾಪೆಸ್ಟ್ ತರುತ್ತಾರಪ್ಪ.

ಶಿರಸಿ_ವಿಯೆನ್ನಾ

ತುಂಬಾ ಥ್ಯಾಂಕ್ಸ್. ಅಣ್ಣ ಇದನ್ನೆಲ್ಲ ಓದಿ, ಕ್ರಾಕೋವ್ ಹತ್ತಿರ ಉಪ್ಪಿನ ಗಣಿ ಇದೆಯಂತೆ, ಅದಕ್ಕೆ ಹೋಗಲೇಬೇಕು ಅನ್ನುತ್ತಿದ್ದಾನೆ. ಅಮ್ಮನ ಮಂಡಿಗೆ ಅದು ಆಗುತ್ತದೆಯೇ? ಮತ್ತೆ ಊಟ. ಮೊಟ್ಟೆ ಇಲ್ಲದ್ದು ಎರಡು ಕಡೆಯೂ ಸಿಗುತ್ತದೆಯೇ? ಮೂರು ದಿನ ಬ್ರೆಡ್-ಜಾಮ್ ತಿನ್ನಿಸಿ ಕರೆದುಕೊಂಡು ಬರಲು ನನಗೆ ಮನಸ್ಸಿಲ್ಲ.

ವಾವೆಲ್_ನೆರೆಮನೆ

ವಿಯೆಲಿಚ್ಕಾ ಗಣಿಯ ವಿಷಯ ನಿಜ ಹೇಳುತ್ತೇನೆ. ಸಾಮಾನ್ಯ ದಾರಿಯಲ್ಲಿ ಶುರುವಿಗೇ 380 ಮರದ ಮೆಟ್ಟಿಲು ಇಳಿಯಬೇಕು. ಒಳಗೆ ಅಲ್ಲಲ್ಲಿ ಇರುವುದೆಲ್ಲ ಸೇರಿ ಒಟ್ಟು 800ರ ಹತ್ತಿರ ಆಗುತ್ತದೆ. ನಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಮೇಲೆ ಬರುವುದಕ್ಕೆ ಲಿಫ್ಟ್ ಇದೆ. ಆದರೆ ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಲ್ವಾ? ನಡೆಯಲು ಕಷ್ಟ ಇರುವವರನ್ನು ಲಿಫ್ಟ್‌ನಲ್ಲೇ ಇಳಿಸುವ ಬೇರೆ ದಾರಿ ಇದೆ. ಅದನ್ನು ಮುಂಚೆಯೇ ಕೇಳಿ ಗೊತ್ತು ಮಾಡಿಕೊಳ್ಳಬೇಕು.

ಕಷ್ಟಪಟ್ಟರೂ ನೋಡುವಂಥದ್ದು. 101 ಮೀಟರ್ ಆಳದಲ್ಲಿ ಉಪ್ಪನ್ನೇ ಕೊರೆದು ಮಾಡಿದ ದೊಡ್ಡ ಚರ್ಚ್ ಇದೆ. ನೆಲ ಉಪ್ಪು, ಗೋಡೆಯ ಶಿಲ್ಪ ಉಪ್ಪು, ತೂಗುದೀಪದ ಹರಳೂ ಉಪ್ಪು. ಒಳಗೆ ಯಾವಾಗಲೂ 17-18 ಡಿಗ್ರಿ, ಒಂದು ಸ್ವೆಟರ್ ಸಾಕು. ಕ್ರಾಕೋವ್‌ನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ. ಟೂರ್ ಬಸ್ಸಿನವರಿಗೆ ದುಡ್ಡು ಸುರಿಯಬೇಡಿ.

ಉಪ್ಪಿಟ್ಟು_ಬೇಕು

ಊಟದ ವಿಷಯ ನಾನು ಹೇಳುತ್ತೇನೆ. ಯಜಮಾನರ ಕೆಲಸದಿಂದ ಪೋಲೆಂಡಿನಲ್ಲಿ ಇದ್ದವಳು, ಮನೆಯಲ್ಲಿ ಅತ್ತೆ ಮೊಟ್ಟೆ ತಿನ್ನದವರು.

ಪೋಲೆಂಡಿನಲ್ಲಿ ಬಾರ್ ಮ್ಲೆಚ್ನಿ ಅಂತ ಇರುತ್ತವೆ. ಹೆಸರು ಕೇಳಿ ಹೆದರಬೇಡಿ, ಅದು ಹಾಲಿನ ಬಾರು. ಕಮ್ಯುನಿಸ್ಟ್ ಕಾಲದಿಂದ ಸರ್ಕಾರದ ಸಹಾಯಧನದಲ್ಲಿ ನಡೆದು ಬಂದ ಸೋವಿ ಊಟದ ಜಾಗ. ವಿದ್ಯಾರ್ಥಿಗಳು, ಪಿಂಚಣಿಯ ಅಜ್ಜ-ಅಜ್ಜಿಯರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಗೋಡೆ ಮೇಲೆ ಪಟ್ಟಿ, ಎಲ್ಲ ಪೋಲಿಷ್‌ನಲ್ಲಿ. ಮೊದಲು ಕೌಂಟರಿನಲ್ಲಿ ಹೇಳಿ ದುಡ್ಡು ಕೊಡಬೇಕು. ಚೀಟಿಯನ್ನು ಅಡುಗೆಮನೆಯ ಕಿಂಡಿಯಲ್ಲಿ ಕೊಟ್ಟು ಕಾಯಬೇಕು. ಒಳಗಿನಿಂದ ಒಬ್ಬರು ತಿಂಡಿಯ ಹೆಸರು ಕೂಗುತ್ತಾರೆ. ನಿಮ್ಮದು ಅಂತ ಗೊತ್ತಾಗದೆ ನಿಂತಿದ್ದರೆ ಕೂಗು ಜೋರಾಗುತ್ತದೆ. ತಿಂದಾದ ಮೇಲೆ ತಟ್ಟೆಯನ್ನು ಇನ್ನೊಂದು ಕಿಂಡಿಯಲ್ಲಿ ಇಟ್ಟು ಬರಬೇಕು. ಯಾರೂ ನಗುವುದಿಲ್ಲ, ಆದರೆ ಊಟ ಬಿಸಿಬಿಸಿ.

ಅಲ್ಲಿ ಪಿಯೆರೋಗಿ ರುಸ್ಕಿಯೆ ಕೇಳಿ. ಕಡುಬಿನ ಹಾಗೆ ಮಡಚಿ ಬೇಯಿಸಿದ್ದು, ಒಳಗೆ ಆಲೂಗಡ್ಡೆ ಮತ್ತು ಪನೀರಿನಂಥ ಗಿಣ್ಣು, ಮೇಲೆ ಹುರಿದ ಈರುಳ್ಳಿ. ಎಚ್ಚರ ಬೇಕಾದದ್ದು ಎರಡು ಕಡೆ. ಮೇಲೆ ಕೆಲವೊಮ್ಮೆ ಹಂದಿ ಕೊಬ್ಬಿನ ಚೂರು ಉದುರಿಸಿರುತ್ತಾರೆ. "ಬೆಸ್ ಸ್ಕ್ವಾರೆಕ್" ಅನ್ನಿ, ಹಾಕುವುದಿಲ್ಲ. ಮತ್ತೆ ಕೆಲವರು ಹಿಟ್ಟು ಕಲಸುವಾಗ ಮೊಟ್ಟೆ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಅದನ್ನು ಕೇಳಲೇಬೇಕು. ಆಲೂಗಡ್ಡೆ ದೋಸೆಯ ಹಾಗಿರುವ ಪ್ಲಾಟ್ಸ್ಕಿ, ತೆಳು ದೋಸೆಯ ಹಾಗಿರುವ ನಲೆಷ್ನಿಕಿ ಎರಡರಲ್ಲೂ ಮೊಟ್ಟೆ ಇರುತ್ತದೆ, ಅಮ್ಮನಿಗೆ ಬೇಡ. ಬೀಟ್‌ರೂಟ್ ಸಾರು ಮಾಂಸದ ನೀರಿನಲ್ಲಿ ಮಾಡಿದ್ದಿರಬಹುದು. ಬೇಯಿಸಿದ ಆಲೂಗಡ್ಡೆ, ಹುರುಳಿಯ ಬಣ್ಣದ ಕಾಶಾ ಅನ್ನೋ ಕಾಳು, ಹುಳಿ ಕೆನೆಯಲ್ಲಿ ಕಲಸಿದ ಸೌತೆಕಾಯಿ, ಇಷ್ಟು ತಗೊಂಡರೆ ಅವರದ್ದು ಊಟವೇ ಆಗುತ್ತದೆ. ಸೌತೆಕಾಯಿ ನಮ್ಮ ಪಚಡಿಗೆ ತೀರಾ ಹತ್ತಿರ.

ಕಡಲೆ_ಬಟಾಣಿ

ಅಕ್ಕ ಹೇಳಿದ್ದಕ್ಕೆ ಬ್ರನೋ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಲ್ಲಿ ಸಸ್ಯಾಹಾರ ಅಂದರೆ ಎಲ್ಲರೂ ಕರಿದ ಗಿಣ್ಣು ತಂದಿಡುತ್ತಾರೆ, ಆದರೆ ಮೇಲಿನ ಪದರಕ್ಕೆ ಮೊಟ್ಟೆ ಬಳಸುತ್ತಾರೆ. ಹಾಲಿನ ಬಾರಿನಂಥದ್ದು ಇಲ್ಲಿಲ್ಲ, ಆ ವಿಷಯದಲ್ಲಿ ಕ್ರಾಕೋವ್ ಗೆಲ್ಲಲಿ. ಅದರ ಬದಲು ಮಧ್ಯಾಹ್ನದ ಮೆನು ಅಂತ ಹೋಟೆಲುಗಳು ವಾರದ ದಿನಗಳಲ್ಲಿ ಕಡಿಮೆ ರೇಟಿಗೆ ಊಟ ಕೊಡುತ್ತವೆ. ಮಧ್ಯಾಹ್ನ ಒಂದೂವರೆಯೊಳಗೆ ಹೋಗಬೇಕು, ಆಮೇಲೆ ಒಳ್ಳೆಯದೆಲ್ಲ ಖಾಲಿ. ಇಂಡಿಯನ್ ಹೋಟೆಲುಗಳೂ ಇವೆ.

ನನ್ನ ಸಲಹೆ ಅಂದರೆ ಅಡುಗೆಮನೆ ಇರುವ ರೂಮು ಮಾಡಿ. ಊರಿನ ನಡುವೆಯೇ ತರಕಾರಿ ಮಾರ್ಕೆಟ್ ಚೌಕ ಇದೆ, ಜೆಲ್ನಿ ತ್ರ್ ಅಂತ. ಕಲ್ಲು ಹಾಸಿನ ಇಳಿಜಾರಿನಲ್ಲಿ ಬೆಳಿಗ್ಗೆ ರೈತರು ಮೇಜು ಹಾಕಿ ಕೂತಿರುತ್ತಾರೆ. ಮೇ ತಿಂಗಳಲ್ಲಿ ಮೂಲಂಗಿ, ಶತಾವರಿ, ಎಳೆ ಈರುಳ್ಳಿ ಬರುತ್ತದೆ. ವಿಯೆನ್ನಾದಿಂದ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ತಂದರೆ ರಾತ್ರಿ ಊಟದ ಚಿಂತೆ ಮುಗಿಯಿತು. ಒಂದೂವರೆ ಗಂಟೆಯ ರೈಲಿಗೆ ಚಿಕ್ಕ ಕುಕ್ಕರ್ ಹೊರುವುದೇನು ಕಷ್ಟ ಅಲ್ಲ.

ಹಳೇಮೇಷ್ಟ್ರು

ಮಗಳು ಬ್ರನೋದ ಹತ್ತಿರ ಇರುವುದರಿಂದ ಎರಡೂ ಊರು ನೋಡಿದ್ದೇನೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಕ್ರಾಕೋವ್‌ಗೆ ಹೋದವರಿಗೆಲ್ಲ ನಾಜಿಗಳ ಶಿಬಿರವಿದ್ದ ಆಶ್ವಿಟ್ಜ್‌ಗೆ ಹೋಗಬೇಕೇ ಬೇಡವೇ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸುಮಾರು 70 ಕಿಲೋಮೀಟರ್ ದೂರ, ಪೂರ್ತಿ ದಿನ ಬೇಕು. ಪ್ರವೇಶಕ್ಕೆ ದುಡ್ಡಿಲ್ಲ, ಗೈಡ್ ಬೇಕಾದರೆ ಅದಕ್ಕೆ ಶುಲ್ಕ. ಆದರೆ ಹೆಸರು ಕೊಟ್ಟು ಸಮಯ ಕಾದಿರಿಸಬೇಕು, ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಹನ್ನೊಂದು ಲಕ್ಷ ಜನರನ್ನು ಕೊಂದ ಜಾಗ. ಕೂದಲಿನ ರಾಶಿ, ಚಪ್ಪಲಿ ರಾಶಿ, ಹೆಸರು ಬರೆದ ಸೂಟ್‌ಕೇಸುಗಳು. ಹೋಗಿ ಬಂದ ಸಂಜೆ ನನ್ನವಳು ಊಟ ಮಾಡಲಿಲ್ಲ. ನೋಡಬಾರದು ಅಂತ ನಾನು ಹೇಳುವುದಿಲ್ಲ, ನೋಡಬೇಕು. ಆದರೆ ಮೂರು ರಾತ್ರಿಯ ಪ್ರವಾಸದಲ್ಲಿ ಗಣಿ ಒಂದು ದಿನ, ಇದೊಂದು ದಿನ ಅಂದರೆ ಊರು ನೋಡುವುದು ಯಾವಾಗ?

ಬ್ರನೋದಲ್ಲಿ ಅಂಥ ಒತ್ತಡ ಇಲ್ಲ. ಶ್ಪಿಲ್ಬೆರ್ಕ್ ಕೋಟೆಯ ಗುಡ್ಡ ಸ್ವಲ್ಪ ಏರು, ಟೀಚರ್ ಅಮ್ಮ ಕೆಳಗಿನ ಪಾರ್ಕಿನಲ್ಲಿ ಕೂರಬಹುದು. ಹಳೇ ಪುರಭವನದ ಹಾದಿಯಲ್ಲಿ ಒಣಗಿಸಿದ ಮೊಸಳೆಯನ್ನು ಸೂರಿಗೆ ನೇತು ಹಾಕಿದ್ದಾರೆ, ಅದನ್ನು ಡ್ರ್ಯಾಗನ್ ಅನ್ನುತ್ತಾರೆ. ಪುಣ್ಯಕ್ಕೆ ಟಿಕೆಟ್ ಇಲ್ಲ. ಮೆಂಡೆಲನ ಅಂತ್ಯಸಂಸ್ಕಾರದಲ್ಲಿ ಆರ್ಗನ್ ನುಡಿಸಿದವನು ಯಾನಾಚೆಕ್, ಮುಂದೆ ಜಗತ್ಪ್ರಸಿದ್ಧ ಸಂಗೀತಗಾರನಾದ. ಚಿಕ್ಕವನಿದ್ದಾಗ ಅದೇ ಮಠದಲ್ಲಿ ಹಾಡುತ್ತಾ ಬೆಳೆದವನು. ಪಾಠ ಮಾಡುವಾಗ ಇದನ್ನು ಸೇರಿಸಬಹುದಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಕಡಲೆ_ಬಟಾಣಿ

ಮೇಷ್ಟ್ರೇ, 11 ಗಂಟೆಯ ಕಥೆ ಬಿಟ್ಟಿರಿ! ಇಲ್ಲಿ ಪೆಟ್ರೋವ್ ಚರ್ಚಿನಲ್ಲಿ ಮಧ್ಯಾಹ್ನ 12ರ ಗಂಟೆಯನ್ನು ಬೆಳಿಗ್ಗೆ 11ಕ್ಕೇ ಹೊಡೆಯುತ್ತಾರೆ. 1645ರಲ್ಲಿ ಸ್ವೀಡನ್ ಸೇನೆ ಊರು ಮುತ್ತಿಗೆ ಹಾಕಿತ್ತು. ಮಧ್ಯಾಹ್ನದೊಳಗೆ ಗೆಲ್ಲದಿದ್ದರೆ ಹೊರಟುಹೋಗುತ್ತೇವೆ ಅಂತ ಸೇನಾಪತಿ ಹೇಳಿದ್ದನಂತೆ. ಊರಿನವರು ಒಂದು ಗಂಟೆ ಮೊದಲೇ ಬಾರಿಸಿಬಿಟ್ಟರಂತೆ. ಕಥೆ ಎಷ್ಟು ನಿಜವೋ, ಗಂಟೆ ಮಾತ್ರ ಇವತ್ತಿಗೂ 11ಕ್ಕೇ.

ಸ್ವಾತಂತ್ರ್ಯ ಚೌಕದಲ್ಲಿ 2010ರಲ್ಲಿ ನಿಲ್ಲಿಸಿದ ಕರಿಕಲ್ಲಿನ ಗಡಿಯಾರ ಇದೆ. ಅದರಲ್ಲಿ ಟೈಮ್ ನೋಡಲು ಯಾರಿಗೂ ಬರುವುದಿಲ್ಲ. ಆದರೆ ದಿನಾ 11ಕ್ಕೆ ಒಳಗಿನಿಂದ ಒಂದು ಗಾಜಿನ ಗೋಲಿ ಉರುಳಿ ಬರುತ್ತದೆ. ಯಾವ ತೂತಿನಿಂದ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಜನ ಮುಂಚೆಯೇ ಬಂದು ತೂತುಗಳಲ್ಲಿ ಮೊಣಕೈವರೆಗೆ ಕೈ ತೂರಿಸಿಕೊಂಡು ನಿಂತಿರುತ್ತಾರೆ. ಹಿಡಿದವರಿಗೇ ಗೋಲಿ. ರಜೆಯ ದಿನಗಳಲ್ಲಿ ಅಲ್ಲಿ ಜಾಗಕ್ಕೇ ಜಗಳ.

ವಾವೆಲ್_ನೆರೆಮನೆ

ಸರಿ, ಅಮ್ಮನಿಗೆ ಬ್ರನೋ ಅಂತ ನಾನೂ ಒಪ್ಪುತ್ತೇನೆ. ಆದರೆ ಅಣ್ಣನ ಪರವಾಗಿ ಒಂದು ಮಾತು. ಫೌಂಡ್ರಿಯವರು ಅಂದರಲ್ಲ, ಕ್ರಾಕೋವ್‌ನ ಪೂರ್ವಕ್ಕೆ ನೋವಾ ಹೂತಾ ಇದೆ. 1949ರಿಂದ ಕಮ್ಯುನಿಸ್ಟ್ ಸರ್ಕಾರ ಉಕ್ಕಿನ ಕಾರ್ಖಾನೆಗೆಂದೇ ಕಟ್ಟಿದ ಹೊಸ ಊರು. ಕಾರ್ಖಾನೆಗೆ ಲೆನಿನ್ ಹೆಸರು, ಅಗಲ ಬೀದಿ, ಒಂದೇ ಅಚ್ಚಿನ ಕ್ವಾರ್ಟರ್ಸ್. ದೇವರಿಲ್ಲದ ಊರು ಅಂತ ನಕ್ಷೆಯಲ್ಲಿ ಚರ್ಚನ್ನೇ ಬಿಟ್ಟಿದ್ದರು. ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ 1977ರಲ್ಲಿ ಚರ್ಚ್ ಪಡೆದರು, ಹಡಗಿನ ಆಕಾರದ್ದು. ಕೊನೆಯ ಊದುಕುಲುಮೆಯನ್ನು 2020ರಲ್ಲಿ ಖಾಯಂ ಮುಚ್ಚಿದರು. ಭದ್ರಾವತಿ ಕಾರ್ಖಾನೆಯ ಗತಿ ಗೊತ್ತಿರುವವರು ಆ ಬೀದಿಯಲ್ಲಿ ನಡೆದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಟ್ರಾಮ್ ಟಿಕೆಟ್ ಬಿಟ್ಟು ಬೇರೆ ಖರ್ಚಿಲ್ಲ.

ಚಿಲ್ಲರೆ_ಲೆಕ್ಕ

ಅಣ್ಣ ಒಬ್ಬರೇ ಹೋಗಬಹುದಲ್ಲ? ಬ್ರನೋದಿಂದ ಕ್ರಾಕೋವ್‌ಗೆ ರೈಲು, ಬಸ್ಸು ಎರಡೂ ಇವೆ. ನಾಲ್ಕೈದು ಗಂಟೆಯ ದಾರಿ. ಒಬ್ಬರಿಗೆ ಹಾಸ್ಟೆಲಿನಲ್ಲಿ ಒಂದು ಮಂಚ ಸಾಕು. ಮೂವರೂ ಕ್ರಾಕೋವ್‌ಗೆ ಹೋಗುವುದಕ್ಕಿಂತ ಹೀಗೆ ಮಾಡಿದರೆ ಒಟ್ಟು ಖರ್ಚು ಕಡಿಮೆಯೇ ಬೀಳುತ್ತದೆ.

ವೀಸಾ ಬಗ್ಗೆ: ಜಾಸ್ತಿ ದಿನ ಎಲ್ಲಿ ಇರುತ್ತಾರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮ್ಮ ವಿಷಯದಲ್ಲಿ ಅದು ಆಸ್ಟ್ರಿಯಾ. ಪೋಲೆಂಡ್, ಜೆಕ್ ಎರಡೂ ಶೆಂಗೆನ್ ಒಳಗೇ ಇರುವುದರಿಂದ ಬೇರೆ ವೀಸಾ ಬೇಡ. ಪ್ರವಾಸದ ಪಟ್ಟಿಯಲ್ಲಿ ಈ ಊರುಗಳನ್ನೂ ಬರೆಯಿರಿ, ಮುಚ್ಚಿಡುವುದಕ್ಕೆ ಏನಿದೆ? ರೈಲಿನಲ್ಲಿ ತಪಾಸಣೆ ಮಾಡಬಹುದು. ಪಾಸ್‌ಪೋರ್ಟ್ ಮೂವರ ಕೈಯಲ್ಲೂ ಇರಲಿ, ನಿಮ್ಮ ರೆಸಿಡೆನ್ಸ್ ಕಾರ್ಡ್ ಕೂಡ.

ಶಿರಸಿ_ವಿಯೆನ್ನಾ

ಅಮ್ಮನಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. ಮೆಂಡೆಲ್ ತೋಟದ ಅಳತೆ ಎಷ್ಟು, ಸಾಲಿಗೆ ಎಷ್ಟು ಗಿಡ ಅಂತ ನನ್ನನ್ನೇ ಕೇಳುತ್ತಿದ್ದಾರೆ. ಅಣ್ಣ ನೋವಾ ಹೂತಾ ಹಿಡಿದು ಕೂತಿದ್ದಾನೆ. ಹಾಗಾಗಿ ಹೀಗೆ: ಮೂವರೂ ಬ್ರನೋಗೆ. ಅಲ್ಲಿಂದ ಅಣ್ಣ ಮಾತ್ರ ಕ್ರಾಕೋವ್‌ಗೆ ಹೋಗಿ ಒಂದೆರಡು ರಾತ್ರಿ ಇದ್ದು ನೇರ ವಿಯೆನ್ನಾಗೆ ಬರುತ್ತಾನೆ. ಗಣಿಗೂ ಅವನೊಬ್ಬನೇ ಇಳಿಯಲಿ. ಇನ್ನು ದಿನಾಂಕ ಗೊತ್ತು ಮಾಡಬೇಕು. ಮೇ ತಿಂಗಳಲ್ಲಿ ತಪ್ಪಿಸಬೇಕಾದ ದಿನ ಇದೆಯೇ?

ಕಡಲೆ_ಬಟಾಣಿ

ಮೇ 1 ಮತ್ತು 8 ಇಲ್ಲಿ ಸರ್ಕಾರಿ ರಜೆ. 8ಕ್ಕೆ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಮೇ ಶುರುವಿನಲ್ಲಿ ವಿದ್ಯಾರ್ಥಿಗಳ ಹಬ್ಬ ಮಯಾಲೆಸ್ ಇರುತ್ತದೆ. ಆವಾಗ ರೂಮು ದುಬಾರಿ, ಗದ್ದಲವೂ ಜಾಸ್ತಿ. ತಿಂಗಳ ನಡುವೆ ಬನ್ನಿ. ಆಧುನಿಕ ವಾಸ್ತುಶಿಲ್ಪಕ್ಕೆ ಹೆಸರಾದ ತುಗೆಂಡ್‌ಹಾಟ್ ಬಂಗಲೆ ನೋಡುವ ಆಸೆ ಇದ್ದರೆ ಇವತ್ತೇ ಟಿಕೆಟ್ ಹುಡುಕಿ, ತಿಂಗಳುಗಟ್ಟಲೆ ಮುಂಚೆಯೇ ಮುಗಿದಿರುತ್ತದೆ. 1992ರಲ್ಲಿ ಜೆಕೊಸ್ಲೊವಾಕಿಯಾ ಎರಡಾಗುವ ಮಾತುಕತೆ ಅದರ ತೋಟದಲ್ಲಿ ನಡೆದಿತ್ತು.

ಟ್ರಾಮ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಿದರೆ ಆಯಿತು. ಅಮ್ಮನಿಗೊಂದು, ನಿಮಗೊಂದು ಬೇರೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಲೆಕ್ಕ ಸುಲಭ.

ವಾವೆಲ್_ನೆರೆಮನೆ

ಇಲ್ಲಿ ಮೇ 1 ಮತ್ತು 3 ರಜೆ. ನಡುವಿನ ದಿನಗಳನ್ನೂ ಸೇರಿಸಿಕೊಂಡು ಜನ ಇಡೀ ವಾರ ಊರು ಬಿಡುತ್ತಾರೆ, ರೈಲು ತುಂಬಿರುತ್ತದೆ. ತಿಂಗಳ ನಡುವೆ ಯುವೆನಾಲಿಯಾ ಬರಬಹುದು. ಮೇಯರ್ ಊರಿನ ಬೀಗದಕೈಯನ್ನು ವಿದ್ಯಾರ್ಥಿಗಳಿಗೆ ಕೊಡುತ್ತಾರೆ, ಅವರು ವೇಷ ಹಾಕಿಕೊಂಡು ಮೆರವಣಿಗೆ ಹೊರಡುತ್ತಾರೆ. ಅಣ್ಣನಿಗೆ ಬೀದಿ ತುಂಬಾ ಜನ ಬೇಕು ಅಂದಿದ್ದಿರಿ, ಆ ದಿನಕ್ಕೇ ಕಳಿಸಿ.

ಕಾಗದದ ಟ್ರಾಮ್ ಟಿಕೆಟ್ ತಗೊಂಡರೆ ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಜೇಬಲ್ಲಿದ್ದರೆ ಸಾಲದು, ದಂಡ ಬೀಳುತ್ತದೆ. ಮತ್ತೆ ಇಲ್ಲಿ ಹೆಚ್ಚಿನ ಭಾನುವಾರ ಸೂಪರ್ ಮಾರ್ಕೆಟ್ ತೆರೆಯುವಂತಿಲ್ಲ, ಕಾನೂನೇ ಹಾಗಿದೆ. ಬರುವುದು ಶನಿವಾರವಾದರೆ ಹಣ್ಣು, ಮೊಸರು ಆವತ್ತೇ ತಗೊಂಡಿಟ್ಟುಕೊಳ್ಳಲಿ. ನನಗೊಂದು ಮೆಸೇಜ್ ಹಾಕಿದರೆ ನೋವಾ ಹೂತಾಗೆ ನಾನೂ ಬರುತ್ತೇನೆ.